ಬೂಟಿನ ಅಳತೆ, ಬಳೆಯ ಅಳತೆ

೯ ಜನವರಿ ೧೯೬೧, ಸೋಮವಾರ
ಭದ್ರಾವತಿ, ಓಲ್ಡ್ ಟೌನ್

ಇಂದಿನ ದಿನವನ್ನು ಮುಂದಿನ ತಲೆಮಾರುಗಳು ಮರೆಯಕೂಡದು. ಕಲ್ಲು ಸಿಕ್ಕಿದ್ದರೆ ಶಾಸನ ಕೆತ್ತಿಸುತ್ತಿದ್ದೆ; ಸಿಗಲಿಲ್ಲವಾದ್ದರಿಂದ ಇಲ್ಲೇ ಘೋಷಿಸುತ್ತಿದ್ದೇನೆ. ಬೆಳಿಗ್ಗೆ ಹತ್ತೂಕಾಲರ ಶುಭಲಗ್ನದಲ್ಲಿ ಕಬ್ಬಿಣದ ಕಾರ್ಖಾನೆಯ ಬೂಟು ಗೋದಾಮಿಗೆ ಪಾದ ಅಳೆಯುವ ಹೊಸ ಹಲಗೆ ಬಂದಿತು. ಬೀಟೆ ಮರ, ಹಿತ್ತಾಳೆಯ ಪಟ್ಟಿ, ಒಂದರಿಂದ ಹದಿನಾಲ್ಕರವರೆಗೆ ಅಂಕಿ. ಹಳೆಯ ಹಲಗೆ ಅಳತೆಯಲ್ಲಿ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಕಾಲಿಟ್ಟ ಕೂಡಲೇ ಕುಂಯ್ ಎಂದು ಅಳುತ್ತಿತ್ತು. ಹೊಸದು ಮೌನಿ.

ಗೋದಾಮಿನ ಗುಮಾಸ್ತನೂ, ಭಾನುವಾರ ಶಿವಮೊಗ್ಗದ ವಾರಪತ್ರಿಕೆಯೊಂದಕ್ಕೆ ನಗೆಬರಹ ಬರೆಯುವ ಅಪರಾಧಿಯೂ ಆದ ಷಣ್ಮುಖಪ್ಪನೆಂಬ ನಾನು ಈ ದಿನಚರಿಯನ್ನು ನನಗೊಬ್ಬನಿಗೇ ಬರೆದುಕೊಳ್ಳುತ್ತಿದ್ದೇನೆ. ಬೇರೆ ಯಾರಾದರೂ ಓದುತ್ತಿದ್ದರೆ, ಎಲೈ ಕಳ್ಳರೇ, ಪುಟದ ಮೂಲೆಯನ್ನಾದರೂ ಮಡಚಬೇಡಿ.

ಹಲಗೆಯನ್ನು ಒಂದು ದಿನದ ಮಟ್ಟಿಗೆ ಮನೆಗೆ ತಂದು ಜಗದಾಂಬಾಗೆ ತೋರಿಸಿದೆ. ಮದುವೆಯಾಗಿ ಹದಿನೇಳು ವರ್ಷವಾದರೂ ನನ್ನ ಉದ್ಯೋಗದ ಗಾಂಭೀರ್ಯ ಅವಳಿಗೆ ಅರ್ಥವಾಗಿಲ್ಲ.

"ಬಾ, ನಿನ್ನ ಪಾದದಿಂದಲೇ ಉದ್ಘಾಟನೆ ಆಗ್ಲಿ," ಎಂದೆ.

"ನನ್ನ ಕಾಲೇನು ಬೂಟಿನ ಕಾಲಾ? ಸುಮ್ನಿರಿ," ಎಂದು ತಿರುಗಿದಳು. ತಿರುಗಿದ ರಭಸಕ್ಕೆ ಪಕ್ಕದಲ್ಲಿದ್ದ ಹಿತ್ತಾಳೆಯ ಕಾಫಿ ಲೋಟ ಉರುಳಿತು. ಒಂದು ವಾರದಲ್ಲಿ ಇದು ನಾಲ್ಕನೆಯದು. ಅವಳಿಗೆ 'ಹಿತ್ತಾಳೆ ಶತ್ರು' ಎಂಬ ಬಿರುದು ಕೊಟ್ಟಿದ್ದೇನೆ.

೨೨ ಜನವರಿ, ಭಾನುವಾರ

ಹಾಲಿನವನ ಪ್ರಸಂಗ ಅಚ್ಚಾಗಿದೆ. ನಡೆದದ್ದು ಇಷ್ಟೆ: ಹಾಲಿನವನು ಬಾಗಿಲ ಹೊರಗಿನಿಂದ ಕೂಗಿದ, ಜಗದಾಂಬಾ ಒಳಗಿನಿಂದ "ಎಷ್ಟಿದೆ?" ಎಂದಳು, ಅವನು "ಒಂದ್ ಸೇರಿದೆ ಸಾರ್" ಎಂದ. ಅವಳ ದನಿ ಈಚೆಗೆ ಹಾಗೆ ದಪ್ಪಗಾಗಿದೆ. ನಾನು ಅದಕ್ಕೆ ಉಪ್ಪುಕಾರ ಹಚ್ಚಿ, 'ನಮ್ಮ ಮನೆಯಲ್ಲಿ ಇಬ್ಬರು ಯಜಮಾನರು' ಎಂದು ಎರಡು ಕಾಲಮ್ಮು ಬರೆದಿದ್ದೆ. ಹೋಟೆಲಿನ ಕೆಂಚಪ್ಪ ಗಲ್ಲಾದ ಮೇಲೆ ಕೂತು ಗಟ್ಟಿಯಾಗಿ ಓದಿದನಂತೆ. ಓಲ್ಡ್ ಟೌನೆಲ್ಲ ನಕ್ಕಿತು.

ಜಗದಾಂಬಾ "ಓದಿದೆ" ಎಂದಳು. ಅಷ್ಟೇ. ತಲೆನೋವಂತೆ, ಶುಂಠಿ ತೇದು ಹಣೆಗೆ ಹಚ್ಚಿಕೊಂಡು ಮಲಗಿದ್ದಾಳೆ. ನನ್ನ ಬರಹಕ್ಕೆ ತಲೆನೋವು ಬರಿಸಿಕೊಂಡ ಓದುಗರಲ್ಲಿ ಇವಳೇ ಮೊದಲಿಗಳು.

೨೫ ಜನವರಿ, ಬುಧವಾರ

ಕುಲುಮೆಯ ಕರಿಯಣ್ಣ ಬಂದಿದ್ದ. "ಬೂಟು ಕಚ್ತದೆ ಸ್ವಾಮಿ."

"ಹೋದ ವರ್ಷ ತಾನೇ ಹತ್ತು ನಂಬರು ಕೊಟ್ಟೆನಲ್ಲೋ ಮಾರಾಯ."

"ಹತ್ತು ಕಚ್ತದೆ."

ಹಲಗೆಯ ಮೇಲೆ ನಿಲ್ಲಿಸಿದೆ. ಹನ್ನೊಂದು! ರಿಜಿಸ್ಟರ್ ತೆಗೆದರೆ ಐವತ್ತನಾಲ್ಕರಲ್ಲಿ ಅವನು ಎಂಟು, ಐವತ್ತೇಳರಲ್ಲಿ ಒಂಬತ್ತು. ನಲವತ್ತು ದಾಟಿದ ಮನುಷ್ಯನ ಪಾದ ಎಳೇ ಸೌತೆಕಾಯಿಯಂತೆ ಬೆಳೆಯುತ್ತಿದೆ. ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ. ಕುಲುಮೆಯ ಮುಂದೆ ನಿಂತರೆ ಪಾದವೂ ಹಿಗ್ಗೀತು ಎಂಬ ಸಿದ್ಧಾಂತ ಮಂಡಿಸಿ, ಬೇಡಿಕೆ ಚೀಟಿಯ ಮೇಲೆ 'ಈ ನೌಕರನ ಬೆಳವಣಿಗೆ ಇನ್ನೂ ಮುಗಿದಿಲ್ಲ' ಎಂದು ಷರಾ ಬರೆದೆ. ಮೇಲಿನವರಿಗೆ ನಗು ಬರಲಿಲ್ಲ. ಚೀಟಿಯನ್ನು ಡಾಕ್ಟರಿಗೆ ಕಳಿಸಿದ್ದಾರೆ.

೩೧ ಜನವರಿ, ಮಂಗಳವಾರ

ಶಿವಮೊಗ್ಗದಿಂದ ಡಾಕ್ಟರ್ ಜನಾರ್ದನ ಬಂದರು. ತೆಳ್ಳಗಿನ ಮನುಷ್ಯ, ಮಾತು ಮಾತ್ರ ರೈಲಿನ ಹಾಗೆ. ಕರಿಯಣ್ಣನ ಕೈ, ದವಡೆ, ಹಲ್ಲಿನ ಸಂದು ಎಲ್ಲ ನೋಡಿ, ಆಮೇಲೆ ನನ್ನ ಹದಿನೈದು ವರ್ಷದ ಪಾದದ ರಿಜಿಸ್ಟರನ್ನು ಪುರಾಣದ ಪುಸ್ತಕದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಷಣ್ಮುಖಪ್ಪನೋರೇ, ಇಂಥದ್ದು ನನಗೆ ಎಲ್ಲೂ ಸಿಕ್ಕಿಲ್ಲ ಕಣ್ರೀ. ವರ್ಷ ವರ್ಷ ಏಳು ಸಾವಿರ ಜನರ ಕಾಲು ಅಳೆದು ಬರೆದಿಟ್ಟಿದೀರಲ್ಲ!"

ನನ್ನ ರಿಜಿಸ್ಟರನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು.

ರೋಗಕ್ಕೆ ಅಕ್ರೋಮೆಗಾಲಿ ಎಂದು ಹೆಸರಂತೆ. ಮೂಗಿನ ಬುಡದ ಹಿಂದೆ, ಮಿದುಳಿಗೆ ಜೋತುಬಿದ್ದು, ಪಿಟ್ಯುಟರಿ ಎಂಬ ಗ್ರಂಥಿ ಇದೆ. ಅವರೆಕಾಳಿನಷ್ಟು. ಕೈಗೆ ಎಷ್ಟು, ಕಾಲಿಗೆ ಎಷ್ಟು ಎಂದು ಬೆಳವಣಿಗೆಯ ರಸವನ್ನು ಅಳೆದು ಕೊಡುವುದು ಅದೇ. ಅದರೊಳಗೆ ಒಂದು ಗಂಟು ಬೆಳೆದರೆ ರಸ ಉಕ್ಕುತ್ತದೆ. ದೊಡ್ಡವರ ಕೈಕಾಲು ಮತ್ತೆ ಬೆಳೆಯತೊಡಗುತ್ತವೆ, ದನಿ ದಪ್ಪವಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಅವರೆಕಾಳಿನ ಸಾರು. ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ. ನಾನು ಏಳು ಸಾವಿರ ಜನಕ್ಕೆ ಬೂಟು ಹಂಚಲು ಒಂದು ಗೋದಾಮು, ಎರಡು ಬೀರು, ಒಬ್ಬ ಜವಾನ ಬೇಕೆನ್ನುತ್ತೇನೆ. ಇಡೀ ಮೈಯ ಅಳತೆಯನ್ನು ನೋಡಿಕೊಳ್ಳುವ ಗುಮಾಸ್ತ ಇಷ್ಟೇ ಇಷ್ಟು! ಅವನಿಗೆ ರಜೆಯೂ ಇಲ್ಲ.

"ತಿನ್ನೋದು ಬಿಟ್ಟು ಕಾಳಿಗೆ ನಮಸ್ಕಾರ ಮಾಡ್ತಿದೀರಾ?" ಎಂದಳು ಜಗದಾಂಬಾ.

೧೨ ಫೆಬ್ರವರಿ, ಭಾನುವಾರ

ಜನಗಣತಿಯವನು ಬಂದು ನಮ್ಮ ಬಾಗಿಲಿಗೆ ನಂಬರು ಬರೆದು, ನಮ್ಮಿಬ್ಬರನ್ನು ಎಣಿಸಿಕೊಂಡು ಹೋದ. ಸರ್ಕಾರ ತಲೆ ಎಣಿಸುತ್ತಿದೆ, ನಾನೂ ಡಾಕ್ಟರೂ ಪಾದ ಎಣಿಸುತ್ತಿದ್ದೇವೆ. ಭದ್ರಾವತಿ ಶಿವಮೊಗ್ಗ ಎರಡೂ ಸೇರಿ ಲಕ್ಷದ ಮೇಲೆ ಜನ. ಅದರಲ್ಲಿ ಇಂಥವರೆಷ್ಟು?

"ಪುಸ್ತಕದೋರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮ್ಮ ಸೀಮೇಲಿ ಯಾರೂ ನೋಡೇ ಇಲ್ಲ," ಎಂದರು ಡಾಕ್ಟರು. "ಅಪರೂಪ ಅಂದ್ರೆ ಅರ್ಧ ಇಲ್ಲ ಅಂತ, ಇನ್ನರ್ಧ ನೋಡಿಲ್ಲ ಅಂತ."

ಹನ್ನೆರಡು ದಿನ ರಿಜಿಸ್ಟರ್ ಜಾಲಾಡಿದೆ. ವಯಸ್ಸಾದ ಮೇಲೂ ಬೆಳೆದ ಪಾದಗಳು ಎರಡು ಜೊತೆ. ಒಂದು ಕರಿಯಣ್ಣನದು. ಇನ್ನೊಂದು ೧೯೫೮ರಲ್ಲಿ ನಿವೃತ್ತನಾದ ಏಕಾಂತಪ್ಪನದು. ಈಗ ಶಿವಮೊಗ್ಗದ ಆಲ್ಕೊಳದಲ್ಲಿದ್ದಾನೆ. ಏಳು ಸಾವಿರದಲ್ಲಿ ಇಬ್ಬರು. ರಾಶಿ ಭತ್ತದಲ್ಲಿ ಎರಡು ಮುತ್ತು ಸಿಕ್ಕವನಂತೆ ಹಿಗ್ಗಿದೆ. ಆಮೇಲೆ, ಇದು ಹಿಗ್ಗುವ ವಿಷಯವಲ್ಲ ಎಂದು ನೆನಪಾಗಿ ಗಂಭೀರನಾದೆ.

೧೯ ಫೆಬ್ರವರಿ, ಭಾನುವಾರ

ಡಾಕ್ಟರ ಜೊತೆ ಆಲ್ಕೊಳಕ್ಕೆ ಹೋಗಿದ್ದೆ. ಏಕಾಂತಪ್ಪ ಒಳಕೋಣೆಯಲ್ಲಿ ಕೂತಿದ್ದ. ಮೂರು ವರ್ಷದಿಂದ ಬೀದಿಗೆ ಬಂದಿಲ್ಲವಂತೆ. ಎದ್ದು ನಿಂತ. ಏನು ಹೇಳಲಿ! ಹಣೆ ಚಾವಡಿಯ ಸೂರಿನ ಹಾಗೆ ಮುಂದಕ್ಕೆ ಬಂದಿದೆ. ಅವನ ಅಂಗೈಯೊಳಗೆ ನನ್ನ ಕೈ ತೊಟ್ಟಿಲ ಮಗುವಿನಂತೆ ಮಲಗಿತು. ಬಾವಿಯೊಳಗಿಂದ ಬಂದಂಥ ದನಿ, ಆದರೆ ಎಷ್ಟು ಮೃದು! ಚೇಷ್ಟೆಯ ಮಾತೊಂದನ್ನು ದಾರಿಯಲ್ಲೇ ಹೊಸೆದುಕೊಂಡು ಹೋಗಿದ್ದೆ, ಮರೆತುಹೋಯಿತು.

ಡಾಕ್ಟರು ಕರಿಯಣ್ಣನ ವಿಷಯ ಹೇಳಿದರು. ಏಕಾಂತಪ್ಪ ಮುಂದಕ್ಕೆ ಬಾಗಿದ.

"ಇನ್ನೊಬ್ಬ ಇದಾನಾ? ನನ್ನ ಹಾಗೇ?"

"ಇದಾನೆ. ನಿಮ್ಮದೇ ಕಾರ್ಖಾನೆ."

"ಅಯ್ಯೋ ದೇವ್ರೇ. ನಾನೊಬ್ಬನೇ ಅಂದ್ಕೊಂಡಿದ್ದೆ," ಎಂದವನು ಆ ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ಆಮೇಲೆ ಡಾಕ್ಟರು ಅವನನ್ನು ನೆಟ್ಟಗೆ ನೋಡಲು ಹೇಳಿ, ಕಿವಿಯ ಕಡೆಯಿಂದ ಬೆರಳಾಡಿಸುತ್ತ ಮುಂದಕ್ಕೆ ತಂದರು. ಬೆರಳು ಮೂಗಿನ ನೇರಕ್ಕೆ ಬರುವತನಕ ಅವನಿಗೆ ಕಾಣಲಿಲ್ಲ. ಗ್ರಂಥಿಯ ಗಂಟು ಬೆಳೆದು ಕಣ್ಣಿನ ನರವನ್ನು ಒತ್ತಿದರೆ ಎರಡೂ ಪಕ್ಕದ ನೋಟ ಹೋಗುತ್ತದಂತೆ, ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಬಿಟ್ಟರೆ ಎದುರಿನದೂ ಹೋಗುತ್ತದೆ. ವೆಲ್ಲೂರಿನ ದೊಡ್ಡಾಸ್ಪತ್ರೆಯಲ್ಲಿ ಕಿರಣ ಹಾಯಿಸಿ ಗಂಟನ್ನು ತಡೆಯುತ್ತಾರಂತೆ. ಬೇಗ ಹೋದವರಿಗೆ ಕಣ್ಣು ಉಳಿಯುತ್ತದೆ.

ಕಾಫಿ ಕೊಟ್ಟರು. ಏಕಾಂತಪ್ಪ ಕೈಯಾಡಿಸಿ ಪಕ್ಕದ ಲೋಟ ಉರುಳಿಸಿದ. "ಪರವಾಗಿಲ್ಲ ಬಿಡಿ, ನಮ್ಮನೇಲಿ ದಿನಾ ಇದೇ ಕಥೆ," ಎಂದು ಸಮಾಧಾನ ಹೇಳಿದೆ.

೪ ಮಾರ್ಚ್, ಶನಿವಾರ

ಡಾಕ್ಟರಿಗೆ ಹೊಸ ಚಿಂತೆ. "ನಮ್ಮ ಎಣಿಕೆ ಅರ್ಧವೇ ಆಯ್ತಲ್ರೀ. ಹೆಂಗಸರು ಬೂಟು ಹಾಕ್ಕೊಳ್ಳಲ್ಲ."

ನನ್ನ ಜೀವನದ ಏಕೈಕ ಮಹಾಪ್ರಜ್ಞೆ ಆಗ ಮಿಂಚಿತು. "ಬಳೆ ತೊಡ್ತಾರಲ್ಲ!"

ಓಲ್ಡ್ ಟೌನಿನ ಬಳೆಗಾರ ಭೂತಪ್ಪ ಮೂವತ್ತು ವರ್ಷದಿಂದ ಎರಡೂ ಊರಿನ ಹೆಂಗಸರಿಗೆ ಬಳೆ ತೊಡಿಸುತ್ತಿದ್ದಾನೆ. ಸಂಜೆ ಅವನ ಅಂಗಡಿಗೆ ಹೋಗಿ ವಿಷಯ ಹೇಳಿದೆ.

"ನೀವು ಬೂಟಿನೋರು, ಹಲಗೆ ಇಟ್ಟು ಅಳೀತೀರಿ. ನಂಗೆ ಹಲಗೆ ಯಾಕೆ? ಗೆಣ್ಣು ಒತ್ತಿದ್ರೆ ಸಾಕು," ಎಂದ. ಅಷ್ಟರಲ್ಲಿ ಹೆಂಗಸೊಬ್ಬಳು ಬಂದು ಕೈ ಚಾಚಿದಳು. ಇವನು ತಲೆಯೆತ್ತಲೇ ಇಲ್ಲ, ಕೈ ಹಿಡಿದು, "ಶಾಂತಮ್ಮನೋರು. ಹೋದ ದೀಪಾವಳಿಗೆ ಎರಡು-ಆರು, ಹಸಿರು. ಎಡಗೈ ಹೆಬ್ಬೆರಳು ಉಳುಕಿತ್ತು, ವಾಸಿ ಆಯ್ತಲ್ಲ," ಎಂದ. ನನ್ನ ಹದಿನೈದು ರಿಜಿಸ್ಟರು ಅವನ ಹತ್ತು ಬೆರಳಲ್ಲಿದೆ, ಇಲಿಯ ಕಾಟವೂ ಇಲ್ಲ.

"ಮೈ ದಪ್ಪ ಆದ್ರೆ ಮಾಂಸ ಜಾರ್ಕೊಂಡು ಹೋಗುತ್ತೆ, ಬಳೆ ಏರುತ್ತೆ," ಎಂದ ಭೂತಪ್ಪ. "ಮೂಳೆ ಬೆಳೆದ್ರೆ ಏರಲ್ಲ. ಹಾಗೆ ಗೆಣ್ಣು ಬೆಳೆದದ್ದು ನಾ ಕಂಡಂಗೆ ಇಬ್ರದ್ದೇ. ಸವಳಂಗ ರಸ್ತೆ ಪುಷ್ಪಮ್ಮನೋರು ಒಬ್ರು. ಅವರಿಗೆ ಗಂಡ ಇಲ್ಲ, ಅಣ್ಣನೇ ಔಷಧಿ ಇದ್ರೆ ಕೇಳಿ ಅಂದಿದಾರೆ, ಅದಕ್ಕೆ ಹೇಳ್ದೆ."

"ಇನ್ನೊಬ್ಬರು?"

"ಹೇಳಂಗಿಲ್ಲ."

"ಯಾಕಯ್ಯ?"

"ಕೈ ಅಳತೆ ಕೈ ಕೊಟ್ಟೋರಿಗೆ, ಬಳೆ ಕೊಟ್ಟೋನಿಗೆ ಬಿಟ್ಟು ಮೂರನೇ ಕಿವಿಗೆ ಬೀಳಬಾರ್ದು. ಗಂಡನಿಗೂ ಸೈತ. ನಮ್ಮಪ್ಪನ ಕಾಲದಿಂದ ಬಂದದ್ದು. ಇಲ್ದಿದ್ರೆ ಯಾರು ನನ್ ಮುಂದೆ ಕೈ ಚಾಚ್ತಾರೆ?"

ಗದರಿದೆ, ಗೋಗರೆದೆ, ವಿಜ್ಞಾನದ ಹೆಸರು ಹೇಳಿದೆ. ಜಪ್ಪೆನ್ನಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಂದು ಡಜನ್ ಹಸಿರು ಗಾಜಿನ ಬಳೆ ಕಟ್ಟಿಕೊಟ್ಟ. ಎರಡು-ಹತ್ತರ ಅಳತೆ, ಅವನಲ್ಲಿದ್ದುದರಲ್ಲೇ ದೊಡ್ಡದು.

"ಯುಗಾದಿ ಬಂತಲ್ಲ, ಅಮ್ಮೋರಿಗೆ. ನೀವೇ ಕೈಯಾರೆ ತೊಡಿಸಿ ಸ್ವಾಮಿ."

"ಅವಳದು ಎರಡು-ನಾಲ್ಕಲ್ಲವೇನೋ? ಮದುವೇಲಿ ನೀನೇ ತೊಡಿಸಿದ್ದು."

"ನೀವೇ ತೊಡಿಸಿ," ಎಂದ ಮತ್ತೆ. ಇವನ ಬೆರಳುಗಳು ಸರಿ, ತಲೆ ಸ್ವಲ್ಪ ಸಡಿಲ.

೫ ಮಾರ್ಚ್, ಭಾನುವಾರ

ಬಳೆ ಕೊಟ್ಟೆ. ಜಗದಾಂಬಾ ಒಳಗೆ ಹೋಗಿ ತಾನೇ ತೊಟ್ಟುಕೊಂಡು ಬಂದಳು. ಸರಿಯಾಗಿ ಕೂತಿವೆ! ಇದರ ಅರ್ಥ ಸ್ಪಷ್ಟ: ಬಳೆಯ ಕಾರ್ಖಾನೆಗಳು ಅಳತೆಯನ್ನು ಗುಟ್ಟಾಗಿ ಕಿರಿದು ಮಾಡುತ್ತಿವೆ. ಇಂದಿನ ಎರಡು-ಹತ್ತು ಎಂದರೆ ಹಿಂದಿನ ಎರಡು-ನಾಲ್ಕು. ಅಳತೆಗೆ ನಿಷ್ಠೆಯಿಲ್ಲದ ಕಾಲ ಬಂತು. ಇದರ ಮೇಲೆ ಒಂದು ನಗೆಬರಹ ಬರೆಯಬೇಕು.

೯ ಮಾರ್ಚ್, ಗುರುವಾರ

ಪುಷ್ಪಮ್ಮನನ್ನು ಡಾಕ್ಟರು ನೋಡಿದರು. ಹೌದಂತೆ. ಒಟ್ಟು ಮೂರು. ನಾಲ್ಕನೆಯವಳು ಈ ಊರಿನಲ್ಲೇ ಎಲ್ಲೋ ಇದ್ದಾಳೆ. ಅವಳ ಗಂಡನೆಂಬ ಮಹಾಶಯ ಏನು ಮಾಡುತ್ತಿದ್ದಾನೋ! "ಕಣ್ಣು ಹೋಗೋ ಮುಂಚೆ ಆಕೆ ಸಿಗಬೇಕು," ಎಂದರು ಡಾಕ್ಟರು.

೧೬ ಮಾರ್ಚ್, ಗುರುವಾರ

ನಾಳೆ ಯುಗಾದಿ. ಮಧ್ಯಾಹ್ನ ಅಟ್ಟ ಗುಡಿಸುವಾಗ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಮದುವೆಯ ಬಳೆ, ಒಂದೇ ಒಂದು, ಹಸಿರು. ಭೂತಪ್ಪನ ಹೊಸ ಬಳೆಯ ಪಕ್ಕದಲ್ಲಿಟ್ಟೆ. ಹಳೆಯದು ಹೊಸದರೊಳಗೆ ಸಲೀಸಾಗಿ ಕೂತಿತು. ನನ್ನ ಸಿದ್ಧಾಂತ ಬಿದ್ದುಹೋಯಿತು: ಎರಡು-ನಾಲ್ಕು ಎರಡು-ನಾಲ್ಕೇ.

"ಬಾರೇ, ಮತ್ತೆ ಮದುವೆ ಆಗೋಣ," ಎಂದು ಕೈ ಹಿಡಿದೆ. ಬೇಡ ಎಂದಳು. ಬಿಡಲಿಲ್ಲ. ಬಳೆ ಬೆರಳುಗಳನ್ನು ದಾಟಲಿಲ್ಲ. ಗೆಣ್ಣಿನ ಹತ್ತಿರಕ್ಕೂ ಹೋಗಲಿಲ್ಲ. ಅವಳ ಕೈಯನ್ನು ಹಿಡಿದು ನೋಡಿ ಎಷ್ಟು ಕಾಲವಾಗಿತ್ತು? ಏಳು ಸಾವಿರ ಜನರ ಪಾದ ಅಳೆದವನು ನಾನು.

ನೀವೇ ಕೈಯಾರೆ ತೊಡಿಸಿ ಎಂದಿದ್ದ ಭೂತಪ್ಪ.

"ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಿರು," ಎಂದೆ. ಅವಳ ಕಿವಿಯ ಪಕ್ಕದಲ್ಲಿ ಬೆರಳಾಡಿಸಿದೆ. ಬಲಕ್ಕೆ. ಎಡಕ್ಕೆ.

"ಇನ್ನೂ ಎಷ್ಟು ಹೊತ್ತು ನೋಡ್ಬೇಕು?" ಎಂದಳು.

ಕಾಣಲಿಲ್ಲ.

"ಯಾವಾಗಿಂದ?"

"ಬಳೆ ಮೂರ್ ವರ್ಷ. ಕಣ್ಣಿಂದು ಹೋದ್ವರ್ಷದ ಮಳೆಗಾಲದಿಂದ. ಎರಡೂ ಕಡೆಯಿಂದ ಯಾರೋ ಮೆಲ್ಲಗೆ ಬಾಗಿಲು ಮುಚ್ಕೊಂಡು ಬಂದಂಗೆ."

"ಭೂತಪ್ಪನಿಗೆ ಗೊತ್ತು. ನಂಗೆ ಹೇಳಬಾರ್ದಿತ್ತೇನೇ?"

"ನಿಮಗೆ ಹೇಳಿದ್ರೆ ಭಾನುವಾರ ಪೇಪರಲ್ಲಿ ಬರ್ತಿತ್ತಲ್ರೀ," ಎಂದಳು. ಕೋಪವೇನೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲಿದೆ ಎಂದು ಹೇಳುವ ದನಿ.

೧೭ ಮಾರ್ಚ್, ಯುಗಾದಿ

ಬೇವು ಬೆಲ್ಲ ತಿಂದೆವು.

೨೦ ಮಾರ್ಚ್, ಸೋಮವಾರ

ಡಾಕ್ಟರು ನೋಡಿದರು. ಎದುರಿನ ನೋಟ ಇನ್ನೂ ಗಟ್ಟಿಯಾಗಿದೆಯಂತೆ. "ತಡ ಮಾಡ್ಬೇಡಿ. ಈ ತಿಂಗಳೇ ಹೊರಡಿ," ಎಂದರು. ತಮ್ಮ ಪುಸ್ತಕ ತೆರೆದರು, ಬರೆಯಲಿಲ್ಲ. ಪೆನ್ನು ಇಸಿದುಕೊಂಡು ನಾನೇ ಬರೆದೆ: ನಾಲ್ಕು. ಜಗದಾಂಬಾ, ಮೂವತ್ತೈದು ವರ್ಷ, ಓಲ್ಡ್ ಟೌನ್.

ಪತ್ರಿಕೆಯಿಂದ ಕಾರ್ಡು ಬಂದಿದೆ, ಈ ವಾರದ ಬರಹ ಬಂದಿಲ್ಲವೆಂದು. ಗೋದಾಮಿನಲ್ಲಿ ಕೆಲಸ ಹೆಚ್ಚು ಎಂದು ಉತ್ತರಿಸಿದೆ.

೨೩ ಏಪ್ರಿಲ್, ಭಾನುವಾರ. ವೆಲ್ಲೂರು

ದಿನಕ್ಕೆ ಕೆಲವೇ ನಿಮಿಷ. ಅವಳು ಒಳಗೆ, ನಾನು ಬೆಂಚಿನ ಮೇಲೆ. ಕಿರಣ ಕಾಣುವುದಿಲ್ಲ, ಸದ್ದಿಲ್ಲ, ಸುಡುವುದಿಲ್ಲ. ಆದರೂ ತಲೆಬುರುಡೆಯನ್ನು ಹಾಯ್ದು ಒಂದು ಅವರೆಕಾಳನ್ನು ಹುಡುಕಿಕೊಂಡು ಹೋಗುತ್ತದೆ. ಇದನ್ನು ಕಂಡುಹಿಡಿದವರ ಪಾದ ಎಷ್ಟು ನಂಬರಾದರೂ ಇರಲಿ, ಮುಟ್ಟಿ ನಮಸ್ಕರಿಸುತ್ತೇನೆ.

ರಸ್ತೆ ದಾಟುವಾಗ ವಾಹನ ಬರುವ ಕಡೆಗೆ ನಾನಿರುತ್ತೇನೆ. ಅದು ಎಡವೋ ಬಲವೋ ಎಂದು ಈಗ ಯೋಚಿಸಬೇಕಾಗಿಲ್ಲ.

೧೧ ಜೂನ್, ಭಾನುವಾರ
ಭದ್ರಾವತಿ

ವೆಲ್ಲೂರಿನಿಂದ ಬಂದು ಎರಡು ವಾರ. ತಲೆನೋವಿಲ್ಲ. "ಎದುರಿನದು ಉಳೀತು. ಪಕ್ಕದ್ದು ಪೂರಾ ಬರೋದು ಕಷ್ಟ," ಎಂದರು ಡಾಕ್ಟರು. ನಾಲ್ವರನ್ನೂ ಒಟ್ಟಿಗೆ ಅಳೆಯಬೇಕೆಂದು ಇಂದು ನಮ್ಮ ಮನೆಗೇ ಕರೆಸಿದ್ದರು. ಆಲ್ಕೊಳದಿಂದ ಏಕಾಂತಪ್ಪ ಬಂದ, ಮೂರು ವರ್ಷದ ಮೇಲೆ ಬೀದಿಗಿಳಿದು, ಬಸ್ಸು ಹತ್ತಿ! ಸವಳಂಗ ರಸ್ತೆಯಿಂದ ಪುಷ್ಪಮ್ಮ, ಕುಲುಮೆಯಿಂದ ಕರಿಯಣ್ಣ. ಮೂವರೂ ವೆಲ್ಲೂರಿನ ಕಾಗದಕ್ಕೆ ಕಾಯುತ್ತಿದ್ದಾರೆ.

ಚಾಪೆಯ ಮೇಲೆ ಎದುರುಬದುರು ಕೂತರು. ಆಮೇಲೆ ಏಕಾಂತಪ್ಪ ಅಂಗೈ ಎತ್ತಿ ಹಿಡಿದ. ಕರಿಯಣ್ಣ ತನ್ನ ಅಂಗೈಯನ್ನು ಅದಕ್ಕೆ ಜೋಡಿಸಿದ. ಪುಷ್ಪಮ್ಮ, "ನಮ್ಮ ಬೀಗರ ಹಾಗಿದೀರಲ್ರೀ ಎಲ್ರೂ," ಎಂದಳು. ನಾಲ್ಕು ದಪ್ಪ ದನಿಗಳು ಒಟ್ಟಿಗೆ ನಕ್ಕಾಗ ಜಂತಿಯ ಧೂಳು ಉದುರಿತು. ಹೊರಗೆ ಹಾಲಿನವನು "ಸಾರ್" ಎಂದ. "ಯಾವ ಸಾರ್ ಬೇಕಪ್ಪಾ? ನಾಲ್ಕು ಜನ ಇದೀವಿ," ಎಂದಳು ಜಗದಾಂಬಾ.

ಲಕ್ಷಕ್ಕೆ ಮೂವರೋ ನಾಲ್ವರೋ ಎಂದು ಡಾಕ್ಟರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಇದು ಸಿಕ್ಕಿದವರ ಎಣಿಕೆಯೇ ಹೊರತು ಇರುವವರದಲ್ಲವಂತೆ. ಇವತ್ತು ನಮ್ಮ ಚಾವಡಿಯ ಎಣಿಕೆಯಲ್ಲಿ ಮಾತ್ರ ಸಂದೇಹವಿಲ್ಲ: ಆರರಲ್ಲಿ ನಾಲ್ವರು. ಡಾಕ್ಟರೂ ನಾನೂ ಅಲ್ಪಸಂಖ್ಯಾತರು, ಕಿರುಗೈಯವರು. ನಮ್ಮನ್ನು ಕರುಣೆಯಿಂದ ನೋಡಿದರು.

ಎಲ್ಲರ ಪಾದ ಅಳೆದ ಮೇಲೆ ಜಗದಾಂಬಾ ತಾನಾಗಿ ಬಂದು ಹಲಗೆಯ ಮೇಲೆ ನಿಂತಳು. "ಅಳೀರಿ ಈಗ."

ಒಂಬತ್ತು. ದೀಪಾವಳಿಗೆ ಮತ್ತೆ ಅಳೆಯಬೇಕು. ಆಗಲೂ ಒಂಬತ್ತೇ ಇದ್ದರೆ ಗಂಟು ಸೋತಿತೆಂದು ಅರ್ಥ. ಒಂಬತ್ತೇ ಇರಲಿ. ಗೋದಾಮಿನ ರಿಜಿಸ್ಟರಿನಲ್ಲಿ ಹೆಂಗಸರಿಗೆ ಕಾಲಮ್ಮು ಇಲ್ಲ, ಆದ್ದರಿಂದ ಇಲ್ಲೇ ನಮೂದಿಸಿದ್ದೇನೆ.

ಎಲೈ ಕಳ್ಳರೇ, ಇಷ್ಟು ದೂರ ಓದಿಬಿಟ್ಟಿದ್ದೀರಿ, ಹೋಗಲಿ. ಒಂದು ಉಪಕಾರ ಮಾಡಿ. ಎಂದಾದರೂ ನಮ್ಮ ಮನೆಗೆ ಬಂದು ಕಾಫಿ ಕುಡಿದರೆ, ಖಾಲಿ ಲೋಟವನ್ನು ಅವಳ ಪಕ್ಕಕ್ಕೆ ಇಡಬೇಡಿ. ಎದುರಿಗೆ ಇಡಿ.